ಹದಿನಾಲ್ಕಕ್ಕೆ ಬರೀ ಗಂಟೆ

ಶಿರಾಳಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ಇಂಜಿನ್ ಆರಿಸದೆ ನಿಂತು ನಡುಗುತ್ತಿತ್ತು. ಕಿಟಕಿಯ ಗಾಜು, ಮುಂದಿನ ಸೀಟಿನ ಸರಳು, ಸರಳು ಹಿಡಿದ ತನ್ನ ಕೈ ಎಲ್ಲವೂ ನಡುಗುತ್ತಿರುವಾಗ, ಮಡಿಲಲ್ಲಿದ್ದ ಬ್ಯಾಗಿನ ಒಳಖಾನೆಯಲ್ಲಿ ಆ ಪೆನ್‌ಡ್ರೈವೂ ನಡುಗುತ್ತಿರಬೇಕು ಎಂದು ನಯನಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಜಿಪ್ ಎಳೆದು ನೋಡಿದಳು. ಇತ್ತು. ಶಿಕಾರಿಪುರ ಬಿಟ್ಟ ಮೇಲೆ ಹೀಗೆ ಜಿಪ್ ಎಳೆದು ನೋಡುತ್ತಿರುವುದು ಎಷ್ಟನೇ ಸಲವೋ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಕೈಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಈ ಹುಡುಗಿ ಏನನ್ನೋ ಕದ್ದು ತರುತ್ತಿದ್ದಾಳೆ, ಇಲ್ಲವೇ ಕದಿಯುವವಳಿದ್ದಾಳೆ ಎಂದುಕೊಂಡಿರಬೇಕು. ಅದೇನು ಪೂರ್ತಿ ಸುಳ್ಳಲ್ಲ ಎಂದುಕೊಂಡಳು ನಯನ. ಕದ್ದದ್ದನ್ನು ಕದ್ದ ಜಾಗದಲ್ಲೇ ಇಟ್ಟು ಬರಬೇಕು. ಅಥವಾ ಇಡದೆ, ಬೇರೆ ಏನಾದರೂ ಮಾಡಿ, ಸಂಜೆಯ ಬಸ್ಸಿಗೆ ವಾಪಸಾಗಬೇಕು. ಬೇರೆ ಏನಾದರೂ ಮಾಡುವುದು ತುಂಬ ಸುಲಭವಿತ್ತು. ಅದು ಅಷ್ಟು ಸುಲಭವಾಗಿರುವುದೇ ಅವಳನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಕಂಪನಿಯೆಂದರೆ ಶಿಕಾರಿಪುರದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಎರಡು ಕೋಣೆ. ಅದರೊಳಗೆ ಯಜಮಾನರಾದ ತೀರ್ಥೇಶ್ ಸರ್, ಮುಜಾಹಿದ್, ಮತ್ತು ನಯನ. ಸುತ್ತಲಿನ ಖಾಸಗಿ ದವಾಖಾನೆಗಳಿಗೆ ಟೋಕನ್ ಕೂಗುವ ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದರು. ಗೋಡೆಯ ಪರದೆಯ ಮೇಲೆ ಅಂಕಿ ಮೂಡುತ್ತದೆ, ಗಂಟೆ ಬಡಿಯುತ್ತದೆ, ಹೆಣ್ಣುದನಿಯೊಂದು ‘ಟೋಕನ್ ಸಂಖ್ಯೆ ಐದು, ಡಾಕ್ಟರ ಕೋಣೆಗೆ ಬನ್ನಿ’ ಎನ್ನುತ್ತದೆ. ದನಿ ನಯನಳದು. ಹೋದ ವಾರ ಮುಜಾಹಿದ್ ಸೊರಬಕ್ಕೆ ಹೋಗಿ ನಾಗರಾಜಪ್ಪ ಡಾಕ್ಟರ ದವಾಖಾನೆಯಲ್ಲಿ ಹೊಸ ಆವೃತ್ತಿ ಹಾಕಿ ಬಂದಿದ್ದ. ಮಾರನೇ ದಿನದಿಂದಲೇ ಗೋಳು. ಬೆಳಿಗ್ಗೆ ತೆರೆಯಲು ಒತ್ತಿದರೆ ಟೋಕನ್ನಿನ ಬದಲು ಬೂದುಬಣ್ಣದ ಪೆಟ್ಟಿಗೆಯೊಂದು ಎದ್ದು ಬಂದು, ದುರಸ್ತಿ ನಡೆಯುತ್ತಿದೆ, ಕಾಯಿರಿ ಎನ್ನುತ್ತಿತ್ತು. ಯಾರೂ ಕೇಳದ ದುರಸ್ತಿ. ಹಸಿರು ಪಟ್ಟಿ ಮುಕ್ಕಾಲು ದಾರಿ ಹೋಗಿ ನಿಂತು, ಮೊದಲ ಸಲ ಹಾಕಿದ್ದ ಫೈಲುಗಳ ಹಳೆಯ ಪ್ಯಾಕು ಎಲ್ಲಿದೆ ಎಂದು ಕೇಳುತ್ತಿತ್ತು. ಇಲ್ಲ ಎಂದರೆ ಬಂದ ದಾರಿಯಲ್ಲೇ ಹಿಂದೆ ಸರಿದು, ಮತ್ತೆ ಮೊದಲಿಂದ ಶುರು. ನಾಲ್ಕು ಸಲ ಬೇಡ, ಬೇಡ ಎಂದು ಒತ್ತಿದ ಮೇಲೆ ಮುನಿಸಿಕೊಂಡ ಹಾಗೆ ತೆರೆದುಕೊಳ್ಳುತ್ತಿತ್ತು. ಅಷ್ಟರೊಳಗೆ ಕಾಯುವ ಹಾಲ್ ತುಂಬಿ, ಬಾಗಿಲ ಹೊರಗೂ ಜನ ನಿಂತಿರುತ್ತಿದ್ದರು. ಈ ದಿನ ಬೆಳಿಗ್ಗೆ ತೀರ್ಥೇಶ್ ಸರ್ ನಯನಳ ಎದುರಿಗೇ ಮುಜಾಹಿದನಿಗೆ ಹೇಳಿದ್ದರು. “ಹಾಕ್ದೋನು ನೀನು. ನಿನ್ ಕೈ ಬಿದ್ಮೇಲೇ ಹಿಂಗಾಗೈತಿ. ಡಾಕ್ಟ್ರು ನಿನ್ನ ಮುಖ ತೋರಿಸ್ಬ್ಯಾಡ ಅಂದಾರೆ, ನಯನ ಹೋಗ್ತಾಳೆ. ಸಂಜೆ ಒಳಗೆ ಸರಿಯಾಗ್ಲಿಲ್ಲ ಅಂದ್ರೆ ನಾಳಿಂದ ನೀನು ಬರೋದೇನೂ ಬ್ಯಾಡ.” ಮುಜಾಹಿದ್ ತಲೆ ಅಲ್ಲಾಡಿಸಿದ. ನಯನಳೂ ಅಲ್ಲಾಡಿಸಿದಳು. ಆಗಲೇ ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು.

ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಂದು ಕೋಟೆ, ಅದಕ್ಕೊಬ್ಬ ಕಾವಲುಗಾರ. ದಿನಾ ಬೆಳಿಗ್ಗೆ ಕೋಟೆಯ ಕಲ್ಲುಗಳನ್ನೆಲ್ಲ ಎಣಿಸಿ, ಲೆಕ್ಕ ಸರಿ ಬಂದರೆ ಮಾತ್ರ ಬಾಗಿಲು ತೆಗೆಯುವವನು. ಒಂದು ದಿನ ಒಂದು ಕಲ್ಲು ಕಡಿಮೆ ಬಂತು. ಮತ್ತೆ ಎಣಿಸಿದ. ಮತ್ತೆ ಕಡಿಮೆ. ಹೊರಗೆ ಮದುವೆ ದಿಬ್ಬಣ ಕಾಯುತ್ತಿದೆ, ಒಳಗೆ ರಾಜ ಹಸಿದಿದ್ದಾನೆ, ಇವನು ಎಣಿಸುತ್ತಲೇ ಇದ್ದಾನೆ. ಮುಜಾಹಿದ್ ಹಾಕಿದ ಹೊಸ ಆವೃತ್ತಿಯೂ ಅಂಥ ಒಬ್ಬ ಕಾವಲುಗಾರನನ್ನು ಕರೆತಂದಿತ್ತು. ಬಾಗಿಲು ತೆರೆಯುವ ಮುಂಚೆ ತನ್ನ ತುಂಡುಗಳೆಲ್ಲ ಇವೆಯೇ ಎಂದು ಎಣಿಸುತ್ತಿತ್ತು. ಒಂದು ಇರಲಿಲ್ಲ. ಯಾವುದು ಇಲ್ಲ ಎಂಬುದನ್ನು ಅದು ಉದ್ದನೆಯ ಸಂಕೇತವೊಂದರಲ್ಲಿ ಬರೆದಿಡುತ್ತಿತ್ತು. ಅದನ್ನು ನೋಡಿ ಮುಜಾಹಿದ್ ತಲೆ ಕೆರೆದುಕೊಂಡಿದ್ದ. ನಯನಳಿಗೆ ಸಂಕೇತ ನೋಡಬೇಕಾಗಿಯೇ ಇರಲಿಲ್ಲ. ಅದು ಹದಿನಾಲ್ಕನೇ ನಂಬರಿನ ದನಿ. ಎರಡು ತಿಂಗಳ ಹಿಂದೆ ಪ್ರಿಂಟರ್ ಸರಿಮಾಡಲು ಸೊರಬಕ್ಕೆ ಬಂದಿದ್ದಾಗ ಅವಳೇ ಅದನ್ನು ಅಳಿಸಿ ಹಾಕಿದ್ದಳು.

ಸೊರಬದ ದವಾಖಾನೆಯ ಹಾಲ್‌ನಲ್ಲಿ ಡೆಟಾಲು, ಬೆವರು, ಯಾರೋ ತಂದ ಚಕ್ಕುಲಿಯ ವಾಸನೆ. ಕ್ಯಾಸನೂರು ಕಡೆಯಿಂದ ಜ್ವರವೆಂದು ಬಂದವರನ್ನು ಮಂಗನ ಕಾಯಿಲೆ ಇರಬಹುದೆಂದು ಬೇರೆ ಬೆಂಚಿನಲ್ಲಿ ಕೂರಿಸಿದ್ದರು. ಆ ಬೆಂಚಿನ ಅಕ್ಕಪಕ್ಕ ಒಂದು ಮೊಳ ಜಾಗ ಖಾಲಿ ಇತ್ತು. ನಯನ ಆ ಖಾಲಿ ಜಾಗದಲ್ಲೇ ನಡೆದು ಬಂದಳು, ತನಗೂ ಅದೇ ಸರಿ ಎಂಬಂತೆ. ಡಾಕ್ಟರು ಕೋಣೆಯ ಪರದೆ ಸರಿಸಿ, ಕಿವಿಯಿಂದ ಸ್ಟೆತಾಸ್ಕೋಪ್ ತೆಗೆಯದೆಯೇ ಮಾತಾಡಿದರು. ತಮ್ಮ ದನಿ ತಮಗೇ ಕೇಳದ್ದರಿಂದಲೋ ಏನೋ ಇಡೀ ಹಾಲ್‌ಗೆ ಕೇಳಿಸಿತು. “ಏನಮ್ಮಾ, ರಿಪೇರಿ ಮಾಡೋರು ನೀವೋ, ಅದೋ? ನಾನೇನು ರಿಪೇರಿ ಮಾಡು ಅಂದಿದ್ನಾ ಅದಕ್ಕೆ? ಹೊಟ್ಟೆನೋವು ಅಂತ ಬಂದೋರಿಗೆ ನಾನು ಕಾಲು ಕುಯ್ದು ಕಳ್ಸಿದ ಹಾಗಾಯ್ತು!” ಜನ ನಕ್ಕರು. ಮಗುವೊಂದು ಎಲ್ಲರೂ ನಕ್ಕರೆಂದು ತಾನೂ ನಕ್ಕಿತು. ನಯನ ಕೂಡ ನಗಬೇಕೆಂದುಕೊಂಡು ಅರ್ಧ ನಕ್ಕಳು, ಆ ಅರ್ಧ ನಗು ಮುಖದ ಮೇಲೆಯೇ ಉಳಿಯಿತು, ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಬಗ್ಗಿ ಚಪ್ಪಲಿ ಬಿಟ್ಟಳು. “ಹೋದ ಸಲ ಬಂದಿದ್ನಲ್ಲ, ಆ ಹುಡುಗಂಗೆ ಏನೂ ಬರಲ್ಲ” ಎಂದರು ಡಾಕ್ಟರು. ಹಾಗಲ್ಲ ಸರ್ ಎನ್ನಬೇಕಿತ್ತು. “ನೋಡ್ತೀನಿ ಸರ್” ಎಂದಳು.

ಕೌಂಟರಿನಲ್ಲಿ ಟೋಕನ್ ಕೊಡುವ ಅಕ್ತರ್ ಬೀ ತನ್ನ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿಗೆ ಸರಿದಳು. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಯಾವಾಗಲೂ ಏಲಕ್ಕಿ ಅಗಿಯುವ ಬಾಯಿ. “ಬಾ ಬೇಟಾ. ಅವ್ರು ಬೈದಿದ್ದು ಮನಸಿಗೆ ಹಾಕ್ಕೋಬೇಡ, ಬೆಳಿಗ್ಗೆಯಿಂದ ನಂಗೆ ಬೈದು ಬೈದು ಅವ್ರಿಗೂ ಬೇಜಾರಾಗಿತ್ತು.” ಆಮೇಲೆ ದನಿ ತಗ್ಗಿಸಿ, “ಅಂದ ಹಾಗೆ ನಿನ್ ಹದಿನಾಲ್ಕು ಎಲ್ಲಿ ಹೋಯ್ತು?” ಎಂದಳು. ನಯನಳ ಬೆರಳು ಮೌಸಿನ ಮೇಲೆ ನಿಂತಿತು. “ಹದಿಮೂರು ಕೂಗ್ತೀಯ, ಹದಿನೈದು ಕೂಗ್ತೀಯ. ಹದಿನಾಲ್ಕಕ್ಕೆ ಬರೀ ಗಂಟೆ. ಜನ ಬೋರ್ಡು ಎಲ್ಲಿ ನೋಡ್ತಾರೆ, ಕಿವಿಯಲ್ಲೇ ಕಾಯ್ತಾರೆ. ದಿನಾ ಹದಿನಾಲ್ಕು ನಾನೇ ಕೂಗೋದು. ಹೋದ ತಿಂಗಳು ನಾನು ರಜೆ ಹಾಕಿದ್ದೆ, ಚಂದ್ರಗುತ್ತಿಯಿಂದ ಒಬ್ಬಳು ಮುದುಕಿ ಹದಿನಾಲ್ಕು ಚೀಟಿ ಹಿಡ್ಕೊಂಡು ಮಧ್ಯಾಹ್ನದ ತನಕ ಕೂತಿದ್ಳಂತೆ. ನನ್ನ ಕರೀಲೇ ಇಲ್ಲ, ನಾನೇನು ಮಾಡಿದ್ದೆ ಅಂತ ಅತ್ಕೊಂಡು ಎದ್ದು ಹೋದ್ಳಂತೆ.” ಅಳಿಸುವಾಗ ನಯನಳಿಗೆ ಇದು ಹೊಳೆದಿರಲಿಲ್ಲ. ಗಂಟೆ ಬಡಿದರೆ ಸಾಕು, ಅಂಕಿ ಇದೆಯಲ್ಲ ಎಂದುಕೊಂಡಿದ್ದಳು. ಅಥವಾ ಏನನ್ನೂ ಅಂದುಕೊಂಡಿರಲಿಲ್ಲ, ಕಿವಿ ಮುಚ್ಚಿಕೊಳ್ಳುವವರು ಏನನ್ನಾದರೂ ಅಂದುಕೊಂಡು ಮುಚ್ಚಿಕೊಳ್ಳುತ್ತಾರೆಯೇ?

ಮೂರು ವರ್ಷದ ಹಿಂದೆ ಮನೆಯ ಒಳಕೋಣೆಯಲ್ಲಿ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ದಿಂಬಿಗೆ ಒರಗಿಸಿ ಅವಳು ಅಂಕಿಗಳನ್ನು ಓದಿದ್ದಳು. ಆಚೆ ಕೋಣೆಯಲ್ಲಿ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಟೋಕನ್ ಸಂಖ್ಯೆ ಒಂದು. ಹೂಂ, ಎಂದಳು ಅಜ್ಜಿ. ಟೋಕನ್ ಸಂಖ್ಯೆ ಎರಡು. ಹೂಂ. “ಅಜ್ಜೀ, ಸುಮ್ನಿರು, ರೆಕಾರ್ಡ್ ಆಗುತ್ತೆ!” “ಅಲ್ವೇ, ಹೂಂ ಅನ್ನೋರಿಲ್ಲದೆ ಹೇಳ್ತಾ ಹೋದ್ರೆ ಕತೆ ದಾರಿ ತಪ್ಪಲ್ವಾ?” “ಇದು ಕತೆಯಲ್ಲ, ನಂಬರ್ರು.” “ಮತ್ತೆ ಅದನ್ನ ಯಾರು ಕೇಳ್ತಾರೆ? ಪಾಪ ಹುಡುಗಿ ಒಬ್ಳೇ ಒದರ್ತಾಳಲ್ಲ ಅಂತ ನಾನು ಹೂಂ ಅಂತಿದೀನಿ.” ಅವರ ಮನೆಯಲ್ಲಿ ಅದು ನೇಮ. ಕತೆ ಕೇಳುವವರು ಸಾಲು ಸಾಲಿಗೆ ಹೂಂ ಎನ್ನಬೇಕು. ಹೂಂ ನಿಂತರೆ ಅಜ್ಜಿ ರಾಜಕುಮಾರಿಯನ್ನು ನಡು ಹೊಳೆಯಲ್ಲೇ ಬಿಟ್ಟು ಮಗ್ಗುಲಾಗಿಬಿಡುತ್ತಿದ್ದಳು. ನಯನ ನಕ್ಕು, ಗದರಿ, ಮತ್ತೆ ಮತ್ತೆ ಓದಿ, ಅಜ್ಜಿಯ ದನಿ ಬಿದ್ದದ್ದನ್ನೆಲ್ಲ ತೆಗೆದಿದ್ದಳು. ಹದಿನಾಲ್ಕು ಮಾತ್ರ ಹೇಗೋ ಕಣ್ತಪ್ಪಿ ಉಳಿದಿತ್ತು. ಡಾಕ್ಟರ ಕೋಣೆಗೆ ಬನ್ನಿ ಎಂದ ಮೇಲೆ, ದೂರದಿಂದ, ಕೊನೆ ತುಸು ಮೇಲೆದ್ದ ಒಂದು ಹೂಂ. ಆಮೇಲೆ ಏನಾಯಿತು ಎಂದು ಕೇಳುವ ಹೂಂ.

ಈಗ ಅಜ್ಜಿಗೆ ಬರುವುದು ಅದೊಂದೇ. ಗೌರಿ ಹಬ್ಬದ ಹಿಂದಿನ ವಾರ ಬಚ್ಚಲಿನಲ್ಲಿ ಬಿದ್ದವಳು ಬಲಗೈ ಮತ್ತು ಮಾತನ್ನು ಅಲ್ಲೇ ಬಿಟ್ಟು ಎದ್ದಳು. ಊಟ ಬೇಕಾ? ಹೂಂ. ಬೇಡ್ವಾ? ಹೂಂ. ನೋವಾಗುತ್ತಾ? ಹೂಂ. ನಾನು ಯಾರು ಹೇಳು? ಹೂಂ. ಬಂಗಾರಮ್ಮಜ್ಜಿಯ ಕತೆ ಎಂದರೆ ಓಣಿಯ ಮಕ್ಕಳೆಲ್ಲ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದ ಕಾಲವಿತ್ತು. ಅಷ್ಟೂ ಕತೆಗಳು ಆ ಹೂಂ ಎಂಬ ಸಣ್ಣ ತೂತಿನ ಹಿಂದೆ ನುಗ್ಗಾಡುತ್ತಿವೆ ಎಂದು ನಯನಳಿಗೆ ಅನ್ನಿಸುತ್ತಿತ್ತು, ಮತ್ತು ಹಾಗೆ ಅನ್ನಿಸಿದಾಗಲೆಲ್ಲ ಅವಳು ಕೋಣೆಯಿಂದ ಎದ್ದು ಹೋಗುತ್ತಿದ್ದಳು. ಮೊದಮೊದಲು ನೀರು ತರುವ ನೆಪ. ಆಮೇಲೆ ನೆಪವೂ ಇಲ್ಲ. ಸಂಜೆ ಅಜ್ಜಿ ಮಂಚದಿಂದ ಅವಳ ಮುಖವನ್ನೇ ನೋಡುತ್ತ ಹೂಂ, ಹೂಂ ಎಂದರೆ ಅದು ನೋವೋ, ಹಸಿವೋ, ಅಥವಾ, ಅಥವಾ ಹೇಳು ಎಂದೋ? ಹೇಳಲು ತನ್ನ ಹತ್ತಿರ ಏನಿದೆ? “ಕೂತು ಎರಡು ಮಾತಾಡ್ಸೇ” ಎಂದು ಅಮ್ಮ ಅಡುಗೆಮನೆಯಿಂದ ಕೂಗಿದರೆ “ಕೆಲಸ ಇದೆ” ಎಂದು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಆ ದಿನಗಳಲ್ಲೇ ಒಮ್ಮೆ ಇದೇ ಕೌಂಟರಿನಲ್ಲಿ ಪ್ರಿಂಟರ್ ಬಿಚ್ಚಿಟ್ಟುಕೊಂಡು ಕೂತಿದ್ದಾಗ ಹಾಲ್‌ನ ಗೋಡೆಯಿಂದ ಅಜ್ಜಿ ಹೂಂ ಎಂದದ್ದು. ಮೈಯಲ್ಲಿ ಬಲವಿದ್ದ, ಹುಣಸೆಹಣ್ಣಿನ ಮುಂದೆ ಕೂತ, ಕೀಟಲೆಯ ಅಜ್ಜಿ. ಕುರ್ಚಿಯ ಮೇಲಿದ್ದವರು ಯಾರೂ ತಲೆ ಎತ್ತಲಿಲ್ಲ. ನಯನ ಸ್ಕ್ರೂಡ್ರೈವರ್ ಕೆಳಗಿಟ್ಟು, ಆ ಫೈಲು ಹುಡುಕಿ, ಅಳಿಸಿ, ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದಳು.

ಫೋನು ಗುರ್ರೆಂದಿತು. ಮುಜಾಹಿದ್. “ತಲುಪಿದ್ಯಾ? ಡಾಕ್ಟ್ರು ಪೂರ್ತಿ ಬೈದು ಮುಗಿಸಿದ್ರಾ, ನಂಗೂ ಸ್ವಲ್ಪ ಉಳಿಸಿದಾರಾ?” ಅವನು ನಗುತ್ತಿದ್ದ, ನಗು ಒಣಗಿತ್ತು. “ಮನೇಲಿ ಹೇಳಿಲ್ಲ ಮಾರಾಯ್ತಿ. ಅಬ್ಬಾಗೆ ಗೊತ್ತಾದ್ರೆ ನಾಳೆನೇ ಅವ್ರ ಟ್ರಂಕ್ ಅಂಗಡೀಲಿ ಕೂರಿಸ್ತಾರೆ. ಕಂಪ್ಯೂಟರಿಗಿಂತ ಟ್ರಂಕು ವಾಸಿ, ಕೇಳದೆ ತಾನಾಗೇ ರಿಪೇರಿ ಮಾಡ್ಕೊಳಲ್ಲ ಅಂತಾರೆ.” ನಯನ ಹೂಂ ಎನ್ನಲು ಹೋಗಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ನಯನಾ, ನಾನೇ ಏನೋ ತಪ್ಪು ಮಾಡಿರ್ಬೇಕು. ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಏನು ಅಂತ ಹೇಳಿಬಿಡು, ಸಾಕು. ಕೆಲಸ ಹೋದ್ರೂ ಹೋಗ್ಲಿ, ಏನು ತಪ್ಪು ಅಂತ ಗೊತ್ತಾಗ್ದೆ ಹೋದ್ರೆ ಇನ್ನೊಂದು ಕಡೆ ಕೈ ಹಾಕಕ್ಕೂ ಹೆದರಿಕೆ ಆಗುತ್ತೆ.” “ನೋಡ್ತಿದೀನಿ” ಎಂದಳು. ಡಾಕ್ಟರಿಗೆ ಹೇಳಿದ್ದೇ ಮಾತು, ಅದೇ ದನಿ. ತಾನೂ ಒಂದು ರೆಕಾರ್ಡಿಂಗು ಎಂದುಕೊಂಡಳು.

ಸುಲಭದ ದಾರಿ ಪರದೆಯ ಮೇಲೇ ಇತ್ತು. ಕಾವಲುಗಾರನಿರುವ ಬಾಗಿಲನ್ನು ಬಿಟ್ಟು ಹಿಂದಿನಿಂದ ಬೇರೆ ಬಾಗಿಲು ಇಟ್ಟರಾಯಿತು. ಎಣಿಕೆ ಇಲ್ಲದೆ ನೇರ ತೆರೆದುಕೊಳ್ಳುವ ಹೊಸ ಐಕಾನ್ ಒಂದು, ಎರಡು ನಿಮಿಷದ ಕೆಲಸ. ದುರಸ್ತಿ ನಿಲ್ಲುತ್ತದೆ. ಹೊಸ ಆವೃತ್ತಿ ಹಾಕಿದ್ದರಲ್ಲೇ ದೋಷವಿತ್ತು, ಸರಿಮಾಡಿದೆ ಎಂದರೆ ತೀರ್ಥೇಶ್ ಸರ್ ಶಭಾಷ್ ಎನ್ನುತ್ತಾರೆ. ಮುಜಾಹಿದ್ ತನ್ನ ತಪ್ಪು ಯಾವುದೆಂದು ತಿಳಿಯದೆ ಟ್ರಂಕಿನ ತಗಡು ಬಡಿಯುತ್ತ ಕೂರುತ್ತಾನೆ. ಇನ್ನೂ ಒಂದು ದಾರಿ ಇತ್ತು. ಹದಿನಾಲ್ಕನ್ನು ಹೊಸದಾಗಿ ಹೇಳಿ ಅದೇ ಹೆಸರಿನಲ್ಲಿ ಇಟ್ಟುಬಿಡುವುದು. ಕಾವಲುಗಾರ ಎಣಿಸುತ್ತಾನೆ, ಮುಟ್ಟಿ ನೋಡುವುದಿಲ್ಲ. ಚಂದ್ರಗುತ್ತಿಯ ಮುದುಕಿಯರಿಗೆ ಕರೆಯೂ ಬರುತ್ತದೆ, ಅಜ್ಜಿಯೂ ಬರುವುದಿಲ್ಲ. ಇದು ಹೊಳೆದದ್ದೇ ನಯನ ಎದ್ದಳು. ಇಂಜೆಕ್ಷನ್ ಕೋಣೆ ಖಾಲಿಯಿತ್ತು. ಬಾಗಿಲು ಹಾಕಿ, ಮೊಬೈಲನ್ನು ಹತ್ತಿಯ ಡಬ್ಬಿಗೆ ಒರಗಿಸಿ, “ಟೋಕನ್ ಸಂಖ್ಯೆ ಹದಿನಾಲ್ಕು, ಡಾಕ್ಟರ ಕೋಣೆಗೆ ಬನ್ನಿ” ಎಂದಳು.

ಕೇಳಿದಳು. ದನಿಯ ಹಿಂದೆ ಉದ್ದನೆಯ ಖಾಲಿ. ನಿಲ್ಲಿಸುವ ಗುಂಡಿ ಒತ್ತಲು ಯಾಕೆ ಅಷ್ಟು ಹೊತ್ತು ಮಾಡಿದೆನೋ ಎಂದುಕೊಂಡು ಮತ್ತೆ ಹೇಳಿದಳು. ಮತ್ತೆ ಖಾಲಿ. ಮೂರನೇ ಸಲ ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡು ಹೇಳಿದಳು. ಬನ್ನಿ ಎಂದಾದ ಮೇಲೆ ಬೆರಳು ಒತ್ತಲಿಲ್ಲ. ಕೋಣೆಯ ಬಿಳಿ ಹೆಂಚುಗಳು, ಸೂಜಿಗಳ ಕಸದ ಬುಟ್ಟಿ, ಅರ್ಧ ಹರಿದ ಲಸಿಕೆಯ ಚಿತ್ರ ಎಲ್ಲವೂ ಅವಳ ಜತೆ ಕಿವಿಗೊಟ್ಟು ನಿಂತಿದ್ದವು. ತಾನು ಕಾಯುತ್ತಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು. ತಿಂಗಳುಗಟ್ಟಲೆ ಮಂಚದಿಂದ ಬಂದದ್ದೆಲ್ಲ ಹೂಂ. ಅದಕ್ಕೆ ಮುಂಚೆ ತನ್ನಿಂದ ಬರಬೇಕಿದ್ದ ಸಾಲು ಮಾತ್ರ ಬಂದಿರಲಿಲ್ಲ. ಹೂಂ ಎನ್ನುವವಳು ಅಲ್ಲಿ ಒಬ್ಬಳೇ, ಹೇಳುವವಳು ಇಲ್ಲಿ ಬಾಗಿಲು ಹಾಕಿಕೊಂಡು ಹತ್ತಿಯ ಡಬ್ಬಿಗೆ ಹೇಳುತ್ತಿದ್ದಾಳೆ. ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. “ಒಳಗೆ ಯಾರ್ರೀ, ಸೂಜಿ ಹಾಕ್ತಿದಾರಾ?” ನಯನ ಮೂರೂ ರೆಕಾರ್ಡಿಂಗು ಅಳಿಸಿ ಹೊರಬಂದಳು. ಅಳಿಸುವುದು ತನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಅವಳಿಗೆ ನಾಚಿಕೆಯಾಯಿತು.

ಮೂರು ವರ್ಷದ ಹಿಂದಿನ ದನಿಗಳೆಲ್ಲ ಇದ್ದ ಪೆನ್‌ಡ್ರೈವ್ ಚುಚ್ಚಿದಳು. ಬೂದುಬಣ್ಣದ ಪೆಟ್ಟಿಗೆ ಎದ್ದು ಹಳೆಯ ಪ್ಯಾಕು ಎಲ್ಲಿ ಎಂದು ಕೇಳಿದಾಗ, ಇಗೋ ಎಂದು ತೋರಿಸಿದಳು. ಹಸಿರು ಪಟ್ಟಿ ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ತಡೆದು, ಮುಂದೆ ಹೋಯಿತು. ಪೆಟ್ಟಿಗೆ ಮಾಯವಾಯಿತು. ಮುಚ್ಚಿ ಮತ್ತೆ ತೆರೆದಳು. ಏನೂ ಕೇಳದೆ, ಯಾರನ್ನೂ ದೂರದೆ, ತೆರೆದುಕೊಂಡಿತು. “ಇಷ್ಟೇನಾ?” ಎಂದಳು ಅಕ್ತರ್ ಬೀ. “ಇಷ್ಟೇ.” ಬಾಗಿಲ ಹೊರಗೆ ಬಂದು ತೀರ್ಥೇಶ್ ಸರ್‌ಗೆ ಫೋನು ಮಾಡಿದಳು. “ಸರಿ ಆಯ್ತು ಸರ್. ಮುಜಾಹಿದ್ ಹಾಕಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ. ಒಂದು ಫೈಲು ನಾನು ಅಳಿಸಿದ್ದೆ. ಅದಕ್ಕೇ ಹಂಗಾಗ್ತಿತ್ತು.” ಆ ಕಡೆ ಮೊಬೈಲ್ ಅಂಗಡಿಯ ಗದ್ದಲದ ನಡುವೆ ಅವರ ದನಿ ಏರಿತು. “ಅಲ್ಲಾ, ಬೆಳಿಗ್ಗೆ ಅಲ್ಲೇ ನಿಂತಿದ್ದಿ ಅಲ್ವಾ ನೀನು? ಅವನಿಗೆ ಅಷ್ಟು ಬೈದೆ, ಕೇಳಿಸ್ಕೊಂತಾ ನಿಂತಿದ್ದಿ?” “ಹೌದು ಸರ್.” “ಯಾಕೆ ಅಳಿಸಿದ್ದಿ?” ಬಾಯಿಗೆ ಬಂದ ಉತ್ತರ ಯಾವ ಯಜಮಾನನಿಗೂ ಕೊಡುವಂಥದಲ್ಲ. “ಬಂದು ಹೇಳ್ತೀನಿ ಸರ್. ಮೊದ್ಲು ಮುಜಾಹಿದ್‌ಗೆ ಹೇಳಿಬಿಡಿ.” “ನೀನೇ ಹೇಳು ಅವನಿಗೆ” ಎಂದು ಅವರು ಇಟ್ಟುಬಿಟ್ಟರು. ಹೇಳಿದಳು. “ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಯನಾ” ಎಂದ ಮುಜಾಹಿದ್, ಈ ಸಲ ನಗದೆ.

ಬ್ಯಾಗು ಹೆಗಲಿಗೇರಿಸಿ ಮೆಲ್ಲಗೆ ಜಾರಿಕೊಳ್ಳುವುದರಲ್ಲಿದ್ದಳು. ಗೋಡೆಯ ಮೇಲೆ ಹನ್ನೊಂದು ಮೂಡಿತ್ತು. “ಎಲ್ಲಿಗೆ?” ಎಂದಳು ಅಕ್ತರ್ ಬೀ. “ಹದಿನಾಲ್ಕು ಕೂಗ್ಲಿ, ಕೇಳ್ಕೊಂಡು ಹೋಗು. ಇಲ್ಲಾಂದ್ರೆ ನಾಳೆಯಿಂದ ಮತ್ತೆ ನನ್ನ ಗಂಟಲೇ.” ನಯನ ಕೂತಳು, ಜ್ವರದವರ ಬೆಂಚಿನ ಪಕ್ಕದ ಖಾಲಿ ಜಾಗದಲ್ಲಿ. ಹನ್ನೆರಡಕ್ಕೆ ಕುಪ್ಪಗಡ್ಡೆಯ ಗಂಡ ಹೆಂಡತಿ ಜಗಳವಾಡುತ್ತಲೇ ಒಳಗೆ ಹೋದರು. ಹದಿಮೂರರವನು ಒಳಗಿನಿಂದ ಬರುವ ಹೊತ್ತಿಗೆ ಅವಳು ಬ್ಯಾಗಿನ ಜಿಪ್ ಎರಡು ಸಲ ಎಳೆದು ಮುಚ್ಚಿದ್ದಳು. ಗಂಟೆ. ಟೋಕನ್ ಸಂಖ್ಯೆ ಹದಿನಾಲ್ಕು, ಡಾಕ್ಟರ ಕೋಣೆಗೆ ಬನ್ನಿ. ಮತ್ತು, ದೂರದಿಂದ, ಹುಣಸೆಹಣ್ಣಿನ ಆಚೆಯಿಂದ, ಹೂಂ? ಮುಂಡಾಸಿನ ಮುದುಕನೊಬ್ಬ ಎದ್ದು, ಚೀಟಿ ತೋರಿಸಿ, ಪರದೆ ಸರಿಸಿ ಒಳಗೆ ಹೋದ. ಅಷ್ಟೇ.

“ಹಾಂ, ಇದೇ, ಇದೇ!” ಎಂದಳು ಅಕ್ತರ್ ಬೀ ಕೌಂಟರಿನಿಂದ. “ಎಷ್ಟು ದಿನ ಆಗಿತ್ತು ಕೇಳಿ. ಯಾರು ಬೇಟಾ ಅದು, ಕೊನೇಲಿ ಹೂಂ ಅಂತಾರಲ್ಲ?”

“ನಮ್ಮಜ್ಜಿ.”

ಅಕ್ತರ್ ಬೀ ಏಲಕ್ಕಿ ಅಗಿಯುವುದು ನಿಲ್ಲಿಸಿದಳು. ದನಿ ಮೆತ್ತಗಾಯಿತು. “ಇದಾರಾ?”

ನಯನಳಿಗೆ ಆ ಮೆತ್ತನೆಯ ದನಿ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹಾಲ್, ಗೋಡೆಯ ಅಂಕಿ, ಜ್ವರದ ಬೆಂಚು ಎಲ್ಲ ಒಮ್ಮೆ ಸರಿದು ನಿಂತಂತಾಯಿತು. “ಇದಾರೆ” ಎಂದಳು. ಆ ಮಾತು ಬಾಯಿಂದ ಬಂದ ಮೇಲೆ ಅದನ್ನೇ ಮತ್ತೊಮ್ಮೆ, ಯಾರೋ ತನಗೆ ಹೇಳಿದ ಸುದ್ದಿಯಂತೆ, “ಇದಾರೆ ರೀ, ಮನೇಲೇ ಇದಾರೆ” ಎಂದಳು.

ರಸ್ತೆಗೆ ಬಂದು ಮನೆಗೆ ಫೋನು ಮಾಡಿದಳು. “ಊಟ ಮಾಡ್ಸಿದೀನಿ, ಮಲಗಿದಾರೆ, ಏನು ವಿಷಯ?” ಎಂದಳು ಅಮ್ಮ. “ಅಜ್ಜಿ ಕಿವಿಗೆ ಹಿಡಿ.” “ಯಾಕೆ?” “ಹಿಡಿಯಮ್ಮಾ.” ಸೆರಗಿನ ಸರಸರ, ಮಂಚದ ಕಿರ್ರೆಂಬ ಸದ್ದು, ಆಮೇಲೆ ಉಸಿರು. ಎದುರಿನ ಪಂಚರ್ ಅಂಗಡಿಯವನು ಇವಳನ್ನೇ ನೋಡುತ್ತಿದ್ದ. ಏನು ಹೇಳುವುದು? ನಯನ ಗೋಡೆಯ ಕಡೆ ತಿರುಗಿ ನಿಂತಳು. “ಅಜ್ಜೀ, ಒಂದೂರಲ್ಲಿ ಒಂದು ಕೋಟೆ ಇತ್ತಂತೆ” ಎಂದಳು. ತನ್ನ ದನಿ ಟೋಕನ್ ಕೂಗುವ ಹಾಗೆ ಕೇಳಿಸಿತು. ಗಂಟಲು ಸರಿಮಾಡಿಕೊಂಡಳು. “ಅದಕ್ಕೊಬ್ಬ ಕಾವಲುಗಾರ. ದಿನಾ ಕಲ್ಲು ಎಣಿಸ್ತಿದ್ನಂತೆ. ಒಂದು ಕಲ್ಲು ಕಡಿಮೆ ಬಂತಂತೆ. ನೀನು ಹೇಳ್ತಿದ್ದ ಕತೇಲಿ ಕಳ್ಳ ಯಾರು ಅಂತ ನಂಗೆ ಮರೆತೇ ಹೋಗಿದೆ. ಆದ್ರೆ ಈ ಕತೇಲಿ ಕಳ್ಳಿ ಮನೆಯವಳೇ ಅಂತೆ, ಅಜ್ಜೀ.”

ಕಾದಳು. ಆ ಕಡೆ ಉಸಿರು ನಿಂತ ಹಾಗಿತ್ತು, ಅಥವಾ ಸಿಗ್ನಲ್ಲು. ಸಾಗರದ ಕಡೆಯ ಬಸ್ಸೊಂದು ಬ್ರೇಕು ಹಾಕುತ್ತ ಉದ್ದಕ್ಕೆ ಕಿರುಚಿತು. ಆ ಕಿರುಚಿನೊಳಗೆ ಹೂಂ ಎಂದದ್ದು ಕೇಳಿಸಿತೋ, ಕೇಳಿಸಿತು ಎಂದು ಅನ್ನಿಸಿತೋ. ಇನ್ನೊಮ್ಮೆ ಅನ್ನು ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ಮುಂದಿನ ಸಾಲು ಹೇಳಿದಳು.